ಇಲ್ಫರ್ಡಿನ ಮನೆಗೆ ಒಂದು ಡಬ್ಬಿ ಪೇಡಾ

ನಮ್ಮ ಮನೆಯಲ್ಲಿ ಕೋಪವೆಲ್ಲ ಹೆಂಗಸರ ಪಾಲು. ನನಗದು ಮೂಗಿನ ತುದಿಯಲ್ಲಿದೆ, ಮಗಳಿಗೆ ಎಡಗೈಯಲ್ಲಿದೆ. ನಮ್ಮ ಯಜಮಾನರಿಗೆ ದೇವರು ಅದನ್ನು ಕೊಡುವುದನ್ನೇ ಮರೆತ. ಧಾರವಾಡದ ಕಡೆಯವರು, ಮಾತಿನಲ್ಲಿ ಗಡಸು, ಒಳಗೆ ಬರೀ ಬೆಣ್ಣೆ. ಲಂಡನ್ನಿನ ಕ್ಯಾನರಿ ವಾರ್ಫ್‌ನ ಒಂದು ಬ್ಯಾಂಕಿನಲ್ಲಿ, ಉಳಿದವರು ನಿಯಮದ ಪ್ರಕಾರ ಕೆಲಸ ಮಾಡುತ್ತಿದ್ದಾರೋ ಇಲ್ಲವೋ ಎಂದು ನೋಡುವುದೇ ಇವರ ಕೆಲಸ. ಪಿನ್ನರ್‌ನ ನಮ್ಮ ಬೀದಿಯಲ್ಲಿ ಒಂದು ಕಾರೂ ಇಲ್ಲದಾಗಲೂ ಹಸಿರು ದೀಪ ಬರುವವರೆಗೆ ರಸ್ತೆ ದಾಟದ ಮನುಷ್ಯ. ಇಂಥವರು ಪೊಲೀಸರ ಕೈಗೆ ಸಿಕ್ಕಿಬಿದ್ದ ಕಥೆಯನ್ನು ನಾನು ಬರೆಯಬೇಕಾಗಿ ಬಂದಿದೆ.

ಮಗಳು ಎಡಗೈ ವೇಗದ ಬೌಲರ್. ಕಾಲೇಜಿನ ತಂಡದಲ್ಲಿ ಅವಳದೇ ಹೆಸರು. ಅವಳ ಚೆಂಡು ಎದುರಿಸುವ ಹುಡುಗಿಯರು ಹೆಲ್ಮೆಟ್ಟಿನ ಪಟ್ಟಿಯನ್ನು ಎರಡೆರಡು ಸಲ ಬಿಗಿ ಮಾಡಿಕೊಳ್ಳುವುದನ್ನು ನೋಡಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ನನ್ನ ಹೆಗ್ಗಣವನ್ನು ಬೇರೆಯವರೂ ಮೆಚ್ಚುತ್ತಿದ್ದರು. ಆ ಬೇಸಿಗೆ ಅವಳ ಹೆಸರು ವೃತ್ತಿಪರ ಲೀಗಿನ ಡ್ರಾಫ್ಟಿಗೆ ಹೋಗಿತ್ತು. ತಂಡಗಳು ಒಂದೊಂದಾಗಿ ಸರದಿಯ ಮೇಲೆ ತಮಗೆ ಬೇಕಾದ ಆಟಗಾರ್ತಿಯರನ್ನು ಆರಿಸಿಕೊಳ್ಳುವ ದಿನ ಅದು. ಒಂದು ತಂಡದ ಕೋಚ್ ಅವಳಿಗೆ ಆಗಾಗ ಫೋನ್ ಮಾಡಿ, ನಿನ್ನನ್ನು ಬಿಡುವುದಿಲ್ಲ ಎಂದು ಹೇಳುತ್ತಿದ್ದರು. ಒಂಬತ್ತನೇ ವಯಸ್ಸಿನಿಂದ ಅವಳು ಬಯಸಿದ್ದು ಇದೊಂದನ್ನೇ.

ಡ್ರಾಫ್ಟಿಗೆ ಇನ್ನೂ ಒಂದೂವರೆ ತಿಂಗಳಿದ್ದಾಗ ಇಲ್ಫರ್ಡ್ ಕಡೆಯ ಮೈದಾನವೊಂದರಲ್ಲಿ ಕ್ಲಬ್ ಪಂದ್ಯವಿತ್ತು. ಅಂಪೈರ್ ಅರವತ್ತು ದಾಟಿದ ಒಬ್ಬ ಕೊಂಕಣಿ ಕ್ರೈಸ್ತರು, ಉಡುಪಿ ಕಡೆಯವರು, ಭಾನುವಾರದ ಪೂಜೆ ಮುಗಿಸಿ ಬಿಳಿ ಕೋಟು ತೊಟ್ಟು ಬರುವವರು. ಅವಳು ಗೆರೆ ದಾಟುತ್ತಿದ್ದಾಳೆಂದು ಅವರು ಮೇಲಿಂದ ಮೇಲೆ ನೋ ಬಾಲ್ ಕೊಟ್ಟರು. ತಂಡ ಸೋತಿತು. ಆಟ ಮುಗಿದ ಮೇಲೆ ಪೆವಿಲಿಯನ್ನಿನ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ನಿಂತಿದ್ದವಳ ಹತ್ತಿರ ಅಂಪೈರ್ ಹೋಗಿ, ನಮ್ಮ ಕಡೆಯ ಹಿರಿಯರೆಲ್ಲ ಮಾಡುವಂತೆ, ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಲು ನೋಡಿದರು. ಇವಳು ಕೈ ಕೊಡವಿ ಅವರನ್ನು ತಳ್ಳಿದಳು. ಅವರು ಮೆಟ್ಟಿಲ ಮೇಲಿಂದ ಬಿದ್ದರು, ಮಣಿಕಟ್ಟು ಮುರಿಯಿತು.

ಅವರು ದೂರು ಕೊಡಲಿಲ್ಲ. ಕ್ಲಬ್ಬಿನವರು ಯಾರೋ ಆಂಬ್ಯುಲೆನ್ಸ್ ಜೊತೆಗೆ ಪೊಲೀಸರನ್ನೂ ಕರೆದಿದ್ದರು. ಆಸ್ಪತ್ರೆಯಲ್ಲಿ ಕೇಳಿದಾಗ ಅವರು ನಡೆದದ್ದನ್ನು ನಡೆದ ಹಾಗೇ ಹೇಳಿದರು. ಮಗಳನ್ನು ಠಾಣೆಗೆ ಕರೆಸಿ, ಹಲ್ಲೆಯ ಕೇಸಿನಲ್ಲಿ ಬಂಧಿಸಿ, ಜಾಮೀನಿನ ಮೇಲೆ ಬಿಟ್ಟರು. ಷರತ್ತು ಒಂದೇ. ತನಿಖೆ ಮುಗಿಯುವವರೆಗೆ ಆ ಅಂಪೈರನ್ನು ಅವಳಾಗಲಿ, ಅವಳ ಪರವಾಗಿ ಇನ್ನಾರೇ ಆಗಲಿ, ಮಾತನಾಡಿಸಕೂಡದು. ನಮ್ಮ ವಕೀಲೆ ಚುರುಕಿನ ಹುಡುಗಿ. ತಳ್ಳಿದ್ದನ್ನು ಕಣ್ಣಾರೆ ಕಂಡವರು ಬೇರೆ ಯಾರೂ ಇಲ್ಲ, ಏನನ್ನೂ ಒಪ್ಪಿಕೊಳ್ಳದೆ ಬಾಯಿ ಮುಚ್ಚಿಕೊಂಡಿರಿ, ಕೇಸು ತಾನಾಗಿ ಸಣ್ಣದಾಗುತ್ತದೆ ಎಂದಳು. ಕೋಚ್ ಕೂಡ ಮೆತ್ತಗೆ ಹೇಳಿದರು: ಡ್ರಾಫ್ಟಿನೊಳಗೆ ಪೊಲೀಸರ ವಿಷಯ ಮುಗಿದರೆ ಸರಿ, ಇಲ್ಲವಾದರೆ ನನ್ನ ಕೈಯಲ್ಲಿಲ್ಲ.

ಮಗಳು ತನ್ನ ರೂಮಿನಿಂದ ಹೊರಗೆ ಬರುವುದನ್ನೇ ಬಿಟ್ಟಳು. ಬೈಯೋಣವೆಂದು ಮೇಲೆ ಹೋದರೆ, ಚೆಂಡು ಹಿಡಿಯುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿರುತ್ತಿದ್ದಳು. ನಾನು ಅನ್ನ ಕಲಸಿ ಬಾಯಿಗೆ ತುತ್ತು ಕೊಟ್ಟು ಬರುತ್ತಿದ್ದೆ. ಅಷ್ಟು ದೊಡ್ಡ ಹುಡುಗಿ, ಬಾಯಿ ತೆರೆಯುತ್ತಿದ್ದಳು.

ಒಂದು ಬುಧವಾರ ಯಜಮಾನರು ಆಫೀಸಿನಿಂದ ತಡವಾಗಿ ಬಂದರು. ಮುಖದ ಮೇಲೆ ಎಷ್ಟೋ ದಿನದಿಂದ ಇಲ್ಲದ ಗೆಲುವು.

"ಎಲ್ಲಿಗ್ರೀ ಹೋಗಿದ್ರಿ?" ಎಂದೆ.

"ಇಲ್ಫರ್ಡಿಗೆ," ಎಂದರು, ಮೂಲೆಯ ಅಂಗಡಿಗೆ ಹಾಲು ತರಲು ಹೋಗಿಬಂದವರ ಹಾಗೆ.

ಹಿಡಿದು ಕೂರಿಸಿ ಕೇಳಿದೆ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಕನ್ನಡ ಕೂಟದ ಯಾರಿಂದಲೋ ವಿಳಾಸ ಕೇಳಿದ್ದಾರೆ. ಊರಿನಿಂದ ಬಂದವರು ತಂದುಕೊಟ್ಟಿದ್ದ ಧಾರವಾಡ ಪೇಡಾದ ಡಬ್ಬಿಯನ್ನು ಬೆಳಿಗ್ಗೆಯೇ ಲ್ಯಾಪ್‌ಟಾಪ್ ಚೀಲಕ್ಕೆ ಸೇರಿಸಿದ್ದಾರೆ. ಸಂಜೆ ವೈಟ್‌ಚಾಪೆಲ್‌ನಲ್ಲಿ ರೈಲು ಬದಲಾಯಿಸಿ, ಮನೆಯ ದಿಕ್ಕಿಗೆ ಬೆನ್ನು ಹಾಕಿ ಹೋಗಿ, ಅವರ ಬಾಗಿಲು ತಟ್ಟಿದ್ದಾರೆ.

"ಪೊಲೀಸರು ಏನು ಹೇಳಿದ್ರು, ನೆನಪಿಲ್ವಾ ನಿಮಗೆ?"

"ಅದು ಕೋರ್ಟ್ ಕಚೇರಿ ಮಾತು. ನಾ ಕೇಸಿನ ಸುದ್ದಿನೇ ತಗೀಲಿಲ್ಲ. ನಮ್ಮ ಹುಡುಗಿ ಕೈಯಿಂದ ಹಿರ್ಯಾರಿಗೆ ನೋವಾಗೇತಿ. ಮನೀ ಯಜಮಾನ ಹೋಗಿ ಕೈ ಮುಗದು, ಅವರ ಮನ್ಯಾಗ ಒಂದು ಕಪ್ ಚಾ ಕುಡದು ಬರಬೇಕು. ಅಷ್ಟೂ ಮಾಡಲಿಲ್ಲಂದ್ರ ನಾವೆಂಥಾ ಮಂದಿ?"

ಇವರ ಕಡೆ ಪದ್ಧತಿಯೇ ಹಾಗೆ. ಎರಡು ಮನೆಗಳ ನಡುವೆ ಪೆಟ್ಟಾದರೆ ತಪ್ಪು ಮಾಡಿದವರ ಹಿರಿಯ ಸಿಹಿ ಹಿಡಿದು ಹೋಗುತ್ತಾನೆ. ಆ ಮನೆಯವರು ಚಹಾ ಕೊಟ್ಟರೆ ಸಿಟ್ಟು ಇಳಿಯಿತೆಂದು ಅರ್ಥ. ಇಲ್ಫರ್ಡಿನವರು ಚಹಾವನ್ನೇನು, ಊಟವನ್ನೇ ಹಾಕಿ ಕಳಿಸಿದ್ದರು. ಮೀನು ತಿನ್ನದ ಇವರಿಗಾಗಿ ಅಂಪೈರರ ಹೆಂಡತಿ ಅವಸರದಲ್ಲಿ ಉಪ್ಪಿಟ್ಟು ಮಾಡಿದರಂತೆ. ಅಷ್ಟಾದರೂ ನನಗೆ ಸಮಾಧಾನವಾಗಲಿಲ್ಲ. ಬಾಯಿಗೆ ಬಂದ ಹಾಗೆ ಬೈದೆ. ಜಗತ್ತಿಗೆಲ್ಲ ನಿಯಮ ಹೇಳುವವರು ಮಗಳ ಕೊರಳಿಗೇ ಉರುಳು ಹಾಕಿ ಬಂದಿರಲ್ಲ ಎಂದೆ. ಇವರು ಶೂ ಬಿಚ್ಚುತ್ತಾ ಕೂತರು. ಗೆಲುವೆಲ್ಲ ಇಳಿದುಹೋಗಿತ್ತು.

ಮುಂದೆ ನಡೆದದ್ದು ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಆ ಅಂಪೈರಿಗೆ ಇವರ ಮೇಲೆ ಎಷ್ಟು ಕನಿಕರ ಹುಟ್ಟಿತೆಂದರೆ, ಮಾರನೆಯ ದಿನ ಅವರೇ ಪೊಲೀಸರಿಗೆ ಫೋನ್ ಮಾಡಿ, ಯೋಚಿಸಿ ನೋಡಿದೆ, ಹುಡುಗಿ ತಳ್ಳಲಿಲ್ಲ, ನಾನೇ ಕಾಲು ಜಾರಿ ಬಿದ್ದೆ ಎಂದುಬಿಟ್ಟರು. ಪೊಲೀಸ್ ಅಧಿಕಾರಿಣಿಗೆ ಅನುಮಾನ ಬಂತು. ನಿಮ್ಮನ್ನು ಯಾರಾದರೂ ಬಂದು ಕಂಡರೇ ಎಂದು ಕೇಳಿದರು. ಪಕ್ಕದಲ್ಲಿದ್ದ ಅವರ ಹೆಂಡತಿ ಫೋನ್ ಇಸಿದುಕೊಂಡು, ಹುಡುಗಿಯ ಅಪ್ಪ ಮನೆಗೇ ಬಂದಿದ್ದರು, ಎಷ್ಟು ಒಳ್ಳೆಯ ಜನ, ಸಿಹಿ ಬೇರೆ ತಂದಿದ್ದರು ಎಂದು ಹೊಗಳಿದರು. ನಮಗೆ ಒಳ್ಳೆಯ ನಡತೆಯ ಸರ್ಟಿಫಿಕೇಟ್ ಕೊಡುತ್ತಿದ್ದೇನೆ ಎಂದೇ ಆ ಪುಣ್ಯಾತ್ಗಿತ್ತಿ ತಿಳಿದಿದ್ದರು. ಪೊಲೀಸರು ಮನೆಗೆ ಹೋಗಿ ಪೇಡಾದ ಡಬ್ಬಿಯ ಫೋಟೊ ತೆಗೆದುಕೊಂಡರು. ಡಬ್ಬಿಯಲ್ಲಿ ಅಷ್ಟು ಹೊತ್ತಿಗೆ ಎರಡೇ ಉಳಿದಿದ್ದವಂತೆ.

ವಕೀಲೆ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಬಿಡಿಸಿ ಹೇಳಿದಳು. ಜಾಮೀನಿನ ಷರತ್ತು ಮುರಿದಿದೆ. ಮಗಳೇ ಕಳಿಸಿದಳು ಎಂದಾದರೆ ಸಾಕ್ಷಿಯನ್ನು ಒಲಿಸಿಕೊಳ್ಳಲು ಹೋದ ಇನ್ನೊಂದು ಅಪರಾಧ, ಮೊದಲನೆಯದಕ್ಕಿಂತ ದೊಡ್ಡದು. ಆದರೆ ಒಂದು ದಾರಿ ಉಳಿದಿದೆ. ಅಪ್ಪ ಹೋದದ್ದು ನನಗೆ ಗೊತ್ತಿರಲಿಲ್ಲ ಎನ್ನಲಿ, ಅದು ನಿಜವೇ. ತಳ್ಳಿದ ವಿಷಯಕ್ಕೆ ಏನೂ ಹೇಳದಿರಲಿ. ಬಿದ್ದವರೇ ಜಾರಿ ಬಿದ್ದೆ ಅನ್ನುವಾಗ ಪೊಲೀಸರು ಹೆಚ್ಚು ದೂರ ಹೋಗಲಾರರು. ಡ್ರಾಫ್ಟಿನ ಹೊತ್ತಿಗೆ ಕೇಸು ಬಿದ್ದುಹೋಗಬಹುದು.

ಮತ್ತೆ ಠಾಣೆಗೆ ಹೋದ ದಿನ ಮಧ್ಯಾಹ್ನ ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತಿದ್ದೆವು. ಇವರು ಟೈ ಕಟ್ಟಿಕೊಂಡು ಬಂದಿದ್ದರು. ನಾನು ಮನಸ್ಸಿನಲ್ಲೇ ಒಂದೇ ಜಪ ಮಾಡುತ್ತಿದ್ದೆ: ಬಾಯಿ ಬಿಡಬೇಡ ಮಗಳೇ, ಬಾಯಿ ಬಿಡಬೇಡ.

ವಕೀಲೆ ಮೊದಲು ಹೊರಗೆ ಬಂದಳು. "ನಿಮ್ಮ ಮಗಳು ನನ್ನ ಮಾತು ಕೇಳಲಿಲ್ಲ," ಎಂದಳು.

ಹಿಂದೆಯೇ ಮಗಳು ಬಂದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಐ ಪುಶ್ಡ್ ಹಿಮ್, ಅಮ್ಮ," ಎಂದಳು. ತಳ್ಳಿದೆ ಎಂದೇ ಒಳಗೆ ಹೇಳಿ ಬಂದಿದ್ದಳು.

ಆ ಕ್ಷಣ ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಯಾವುದನ್ನೂ ಮಾಡದೆ ಅವಳ ಕೋಟಿನ ಗುಂಡಿ ಹಾಕಿದೆ.

ಪೊಲೀಸರು ಅವಳ ಮಾತು ನಂಬಿದರು. ಯಜಮಾನರಿಗೆ ಬಾಯಿಮಾತಿನ ಎಚ್ಚರಿಕೆ ಕೊಟ್ಟು ಬಿಟ್ಟರು. ಮಗಳ ವಿಷಯ ಕೋರ್ಟಿಗೆ ಹೋಗಲಿಲ್ಲ. ತಪ್ಪು ಒಪ್ಪಿಕೊಂಡದ್ದರಿಂದ ಹೇಳಿದ ಷರತ್ತು ಪೂರೈಸಿದ ಮೇಲಷ್ಟೇ ಕೇಸು ಮುಚ್ಚುವ ಎಚ್ಚರಿಕೆಯೊಂದನ್ನು ಅವಳ ಹೆಸರಿಗೆ ದಾಖಲು ಮಾಡಿದರು. ಆ ಸಂಜೆ ಅವಳೇ ಕೋಚ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ಒಳ್ಳೆಯ ಮಾತಾಡಿದರಂತೆ. ಒಳ್ಳೆಯ ಮಾತು ಕೇಳಿದ ಕೂಡಲೇ ಅವಳಿಗೆ ವಿಷಯ ಗೊತ್ತಾಗಿತ್ತು.

ಡ್ರಾಫ್ಟಿನ ದಿನ ಮೂವರೂ ಸೋಫಾದಲ್ಲಿ ಸಾಲಾಗಿ ಕೂತು ನೋಡಿದೆವು. ನೋಡುವುದು ಬೇಡ ಎಂದು ನಾನು ಹೇಳಿದ್ದೆ, ಅವಳು ಕೇಳಲಿಲ್ಲ. ಅವಳ ಜೊತೆ ಆಡಿದ ಹುಡುಗಿಯರ ಹೆಸರು ಬಂದಾಗೆಲ್ಲ ಚಪ್ಪಾಳೆ ತಟ್ಟಿದಳು, ನಿಜವಾದ ಸಂತೋಷದಿಂದಲೇ ತಟ್ಟಿದಳು. ಅವಳನ್ನು ಬಿಡುವುದಿಲ್ಲ ಎಂದಿದ್ದ ತಂಡ ಕೊನೆಯ ಸರದಿಯಲ್ಲಿ ಬೇರೊಬ್ಬ ಎಡಗೈ ಬೌಲರನ್ನು ತೆಗೆದುಕೊಂಡಿತು. ಇವಳು ಟಿವಿ ಆರಿಸಿ, ಪಾತ್ರೆ ತೊಳೆಯುತ್ತೇನೆ ಎಂದು ಅಡುಗೆಮನೆಗೆ ಹೋದಳು. ತೊಳೆಯುವುದಕ್ಕೆ ಒಂದು ಪಾತ್ರೆಯೂ ಇರಲಿಲ್ಲ. ನಲ್ಲಿಯ ನೀರು ಮಾತ್ರ ಬಹಳ ಹೊತ್ತು ಹರಿಯಿತು.

"ನನ್ನಿಂದ ಹಾಳಾತು," ಎಂದರು ಯಜಮಾನರು, ನನಗಲ್ಲ, ಟಿವಿಗೆ. ನಾನು ಅಲ್ಲ ಎನ್ನಲಿಲ್ಲ. ನನಗೂ ಆಗ ಹಾಗೇ ಅನ್ನಿಸಿತ್ತು.

ಎಚ್ಚರಿಕೆಯ ಜೊತೆ ಇದ್ದ ಷರತ್ತು ಏನು ಗೊತ್ತೇ? ಪೆಟ್ಟು ತಿಂದವರೂ ಒಪ್ಪಿದ್ದರಿಂದ, ಅವರನ್ನು ಎದುರು ಕೂರಿಸಿಕೊಂಡು ಕ್ಷಮೆ ಕೇಳುವುದು. ಸರಕಾರಿ ಖರ್ಚಿನಲ್ಲಿ, ಕೌನ್ಸಿಲ್ ಕಟ್ಟಡದ ಒಂದು ರೂಮಿನಲ್ಲಿ, ನಡುವೆ ತರಬೇತಾದ ಒಬ್ಬ ಮಧ್ಯಸ್ಥೆಯನ್ನು ಇಟ್ಟುಕೊಂಡು. ಮೇಜಿನ ಮೇಲೆ ನೀರಿನ ಜಗ್ಗು, ಕಣ್ಣೊರೆಸಿಕೊಳ್ಳಲು ಟಿಶ್ಯೂ. ನಮ್ಮವರು ಲ್ಯಾಪ್‌ಟಾಪ್ ಚೀಲದಲ್ಲಿ ಒಯ್ದದ್ದನ್ನೇ ಈ ದೇಶದವರು ಇಲಾಖೆ ಕಟ್ಟಿಕೊಂಡು ಮಾಡುತ್ತಿದ್ದಾರಲ್ಲ ಎಂದು ನನಗೆ ನಗು ಬಂತು, ತಡೆದುಕೊಂಡೆ.

ಅಂಪೈರ್ ದಂಪತಿ ಎದುರು ಕೂತರು. ಪ್ಲಾಸ್ಟರ್ ತೆಗೆದಿದ್ದರು, ಆದರೂ ಕೈಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಮಗಳು ಅವರ ಕೈಯನ್ನು ನೋಡಿದಳು. ಕ್ಷಮಿಸಿ ಎಂದಳು. ನೀವು ಕೊಟ್ಟ ನೋ ಬಾಲ್‌ಗಳೆಲ್ಲ ಸರಿಯಿದ್ದವು, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು ಎಂದಳು.

ಅವರು ಮಧ್ಯಸ್ಥೆಯನ್ನು ಮರೆತು ಕನ್ನಡದಲ್ಲೇ ಕೇಳಿದರು: "ಅದೆಲ್ಲ ಬಿಡು ಮಗಾ. ನಾನು ಜಾರಿ ಬಿದ್ದೆ ಅಂತ ಹೇಳಿದ್ದೆ ಅಲ್ವಾ? ನೀನು ಸುಮ್ಮನೆ ಇದ್ರೆ ಆಗ್ತಿತ್ತು. ನಿನ್ನ ಆಟ ಎಲ್ಲ ಹೋಯ್ತಲ್ಲ. ಯಾಕೆ ಹಾಗೆ ಮಾಡಿದ್ದು?"

ಮಗಳು ಅಪ್ಪನ ಕಡೆ ತಿರುಗಲಿಲ್ಲ. ಮೇಜು ನೋಡುತ್ತಾ ಇಂಗ್ಲಿಷಿನಲ್ಲಿ, ಬಹಳ ಮೆಲ್ಲಗೆ ಹೇಳಿದಳು. "ನಮ್ಮಪ್ಪ ನಿಮ್ಮ ಮನೆಗೆ ಕ್ಷಮೆ ಕೇಳಲು ಬಂದಿದ್ದರು. ನಾನು ತಳ್ಳಲೇ ಇಲ್ಲ ಅಂತಾದರೆ, ಅವರು ಬಂದದ್ದು ಯಾತಕ್ಕೆ ಅಂತಾಗುತ್ತಿತ್ತು? ನಿಮ್ಮ ಬಾಯಿ ಮುಚ್ಚಿಸುವುದಕ್ಕೆ ಅಂತ. ಅವರು ಅದಕ್ಕೆ ಬಂದಿರಲಿಲ್ಲ."

 ಅಂಪೈರರ ಹೆಂಡತಿ ಟಿಶ್ಯೂ ಎಳೆದುಕೊಂಡು ಅದರ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಯಜಮಾನರು ಎದ್ದು ಎಲ್ಲರಿಗೂ ನೀರು ಬಗ್ಗಿಸಿದರು. ಲೋಟ ತುಂಬಿ ಹರಿದು ಮೇಜೆಲ್ಲ ಒದ್ದೆಯಾಯಿತು.

ಮನೆಗೆ ಬರುವಾಗ ರೈಲಿನಲ್ಲಿ ಇವರು ನಮ್ಮಿಬ್ಬರ ನಡುವೆ ಕೂತಿದ್ದರು. ಡ್ರಾಫ್ಟ್ ಆದಾಗಿನಿಂದ ಸರಿಯಾಗಿ ಕಣ್ಣು ಮುಚ್ಚಿದವರಲ್ಲ. ಹ್ಯಾರೋ ಬರುವ ಹೊತ್ತಿಗೆ ತಲೆ ಮಗಳ ಹೆಗಲ ಮೇಲೆ ವಾಲಿತು, ಅವಳ ಎಡ ಹೆಗಲ ಮೇಲೆ. ಬಾಯಿ ತೆರೆದು ಗೊರಕೆ ಹೊಡೆಯಲು ಶುರುಮಾಡಿದರು. ಎದುರಿನವರು ಪೇಪರಿನ ಮೇಲಿಂದ ನೋಡಿ ನಕ್ಕರು. ನಾವು ಇಳಿಯಬೇಕಾದ ಪಿನ್ನರ್ ಬಂತು, ಬಾಗಿಲು ತೆರೆಯಿತು. ನಾನು ಇವರನ್ನು ಎಬ್ಬಿಸಲು ಕೈ ಚಾಚಿದೆ. ಮಗಳು ತಲೆಯಾಡಿಸಿ ಬೇಡವೆಂದಳು. ಬಾಗಿಲು ಮುಚ್ಚಿಕೊಂಡಿತು, ರೈಲು ನಮ್ಮನ್ನು ಕೂರಿಸಿಕೊಂಡೇ ಮುಂದಕ್ಕೆ ಹೊರಟಿತು.