ಫಲಿತಾಂಶಕ್ಕಿಂತ ಗಂಡನಿಗೆ ಹೆದರುವವರ ಸಿಸ್ಟರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಪುಟ್ಟ ಕೋಣೆಯ ಬೀಗ ತೆಗೆದು, ಕಿಟಕಿಗೆ ಪರದೆ ಎಳೆದು, ಮಂಚಕ್ಕೆ ಒಗೆದ ಬಟ್ಟೆ ಹಾಸುತ್ತಿದ್ದಾರೆ ಸಿಸ್ಟರಕ್ಕ. ಹೊರಗಿನ ಬೆಂಚಿನಲ್ಲಿ ಆಗಲೇ ಏಳೆಂಟು ಹೆಂಗಸರು ಕೂತಿದ್ದಾರೆ. ಹೊಲಿಗೆ ಕಾರ್ಖಾನೆಯವರು, ಬೀದಿ ಗುಡಿಸುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು. ಬೆಳಗ್ಗೆಯೇ ಕೆಲಸಕ್ಕೆ ಹೋಗುವವರಿಗೆ ಹೊತ್ತೇರಿದ ಮೇಲೆ ಬಾಗಿಲು ತೆರೆದರೆ ಏನು ಪ್ರಯೋಜನ ಎಂದು ಮೇಲಿನವರನ್ನು ಕಾಡಿ ಬೇಡಿ ಈ ಹೊತ್ತನ್ನು ಪಡೆದವರು ಸಿಸ್ಟರಕ್ಕನೇ.

"ಸಿಸ್ಟರ್ ಅಂದ್ರೇನೇ ಅಕ್ಕ. ಅದಕ್ಕೆ ಇನ್ನೊಂದು ಅಕ್ಕ ಅಂಟಿಸಿಬಿಟ್ಟಿದ್ದಾರೆ. ಡಬಲ್ ಜವಾಬ್ದಾರಿ ನೋಡಿ!" ಎಂದು ನಗುತ್ತಾರೆ.

ಇಲ್ಲಿ ನಡೆಯುವುದು ಎಚ್‌ಪಿವಿ ಪರೀಕ್ಷೆ. ಮೆತ್ತನೆಯ ಪುಟ್ಟ ಬ್ರಷ್, ಒಂದು ಚಿಕ್ಕ ಬಾಟಲಿ, ಕೆಲವೇ ನಿಮಿಷದ ಕೆಲಸ. ನಾಚುವವರಿಗೆ ಪರದೆಯ ಹಿಂದೆ ತಾವೇ ಮಾದರಿ ತೆಗೆದುಕೊಳ್ಳಲು ಹೇಳಿಕೊಡುತ್ತಾರೆ. ಮೊದಲ ಸಲ ಬಂದ ಗುಡಿಸುವ ಹೆಂಗಸೊಬ್ಬರಿಗೆ ಅವರು ವಿವರಿಸುವುದು ಹೀಗೆ: "ಈ ವೈರಸ್ಸು ಗಂಡು ಹೆಣ್ಣು ಕೂಡೋದ್ರಿಂದ ಹರಡುತ್ತೆ. ಸಂಸಾರಸ್ಥರಲ್ಲಿ ಬಹಳ ಜನಕ್ಕೆ ಒಂದಲ್ಲ ಒಂದು ಸಲ ಬಂದು ಹೋಗಿರುತ್ತೆ ಕಣಮ್ಮ. ಮುಕ್ಕಾಲುಪಾಲು ತಾನಾಗೇ ಹೋಗುತ್ತೆ. ಹೋಗದೆ ಕೂತ್ರೆ ಮಾತ್ರ ವರ್ಷಗಳ ಮೇಲೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ತರಬಹುದು. ಮೊದಲೇ ಗೊತ್ತಾದ್ರೆ ಅಲ್ಲೇ ತಡೀಬಹುದು."

ಆದರೆ ಪರೀಕ್ಷೆಯಲ್ಲಿ ವೈರಸ್ ಕಂಡರೆ ಹೆಚ್ಚಿನವರು ಮೊದಲು ಕೇಳುವುದು ಬೇರೆಯೇ ಪ್ರಶ್ನೆ. "'ಮನೆಯವರಿಗೆ ಏನಂತ ಹೇಳ್ಲಿ ಅಕ್ಕಾ' ಅಂತಾರೆ. ಆ ಹೆದರಿಕೆ ನಂಗೆ ಚೆನ್ನಾಗಿ ಗೊತ್ತು. ನಾನೇ ಅನುಭವಿಸಿದೀನಲ್ಲ."

ಪರೀಕ್ಷೆ ಶುರುವಾದ ವರ್ಷ, ಉಳಿದವರಿಗೆ ಧೈರ್ಯ ಬರಲಿ ಎಂದು ಮೊದಲು ತಾವೇ ಮಾಡಿಸಿಕೊಂಡರು. ವೈರಸ್ ಇತ್ತು. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಮನೆಯಲ್ಲಿ ಕಟ್ಟಿಹೋಯಿತು. ಕೊನೆಗೊಂದು ಸಂಜೆ, ಬಸ್ ಚಾಲಕರಾದ ಗಂಡ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಾಗ ಹೇಳಿಬಿಟ್ಟರು.

"ಇಸ್ತ್ರಿಪೆಟ್ಟಿಗೆ ನಿಲ್ಲಿಸಿದ್ರು. 'ಅಂದ್ರೆ ನನ್ನ ಮೇಲೆ ನಿಂಗೆ ಅನುಮಾನಾನಾ? ಇಲ್ಲ ನಾನು ನಿನ್ನ ಮೇಲೆ ಪಡ್ಬೇಕಾ?' ಅಂದ್ರು. ಅಷ್ಟೇ, ಮಾತು ನಿಂತೋಯ್ತು. 'ನಿಮ್ಮಪ್ಪನ್ನ ಊಟಕ್ಕೆ ಕರಿ' ಅಂತ ಮಗಳ ಕೈಲಿ ಹೇಳಿಸೋ ಪಾಡು ಬಂತು."

ಮುಂದಿನ ತಪಾಸಣೆಯಲ್ಲಿ ಗರ್ಭಕೋಶದ ಬಾಯಿಯ ಜೀವಕೋಶಗಳು ಬದಲಾಗಿರುವುದು ತಿಳಿಯಿತು. ಕ್ಯಾನ್ಸರ್ ಅಲ್ಲ, ಆದರೆ ಬಿಡುವಂತಿರಲಿಲ್ಲ. ಚಿಕಿತ್ಸೆಯ ದಿನ ಯಾರೂ ಕರೆಯದಿದ್ದರೂ ಗಂಡ ಡ್ಯೂಟಿಯಿಂದ ನೇರವಾಗಿ ಬಂದರು. "ಇದು ಯಾರಿಂದ ಯಾರಿಗೆ ಬಂತು ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟರು.

ವೈದ್ಯೆ ತಾಳ್ಮೆಯಿಂದ ಉತ್ತರಿಸಿದರು: "ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಇರಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಪರೀಕ್ಷೆನೂ ಹೇಳಲ್ಲ. ಇವ್ರು ಹುಷಾರಾಗೋದು ಹೇಗೆ ಅಂತ ಕೇಳಿ, ಹೇಳ್ತೀನಿ."

ಮನೆಗೆ ಹೋಗುವ ದಾರಿಯಲ್ಲಿ ಆತ ಬಾಯಿಬಿಟ್ಟರು. ಆ ಮಾತನ್ನು ಹೇಳುವಾಗ ಸಿಸ್ಟರಕ್ಕನ ದನಿ ತಗ್ಗುತ್ತದೆ. "'ನೀನೂ ಕೇಳ್ಬೇಡ, ನಾನೂ ಕೇಳಲ್ಲ. ನೀನು ಚೆನ್ನಾಗಿದ್ರೆ ಸಾಕು' ಅಂದ್ರು. ರಸ್ತೇಲೇ ಅತ್ತುಬಿಟ್ಟೆ."

ಅಕ್ಕನ ಗಂಡ ಈಗ ಇಲ್ಲಿಗೆ ಬರುವವರಿಗೆಲ್ಲ ಭಾವ. ರಜೆಯ ದಿನ ಬೆಂಚಿನ ತುದಿಯಲ್ಲಿ ಹಾಜರ್. ಕಳೆದ ತಿಂಗಳು ಗಾರೆ ಕೆಲಸದವನೊಬ್ಬ ಹೆಂಡತಿಯನ್ನು ತವರಿಗೆ ಅಟ್ಟುತ್ತೇನೆಂದು ಕೂಗಾಡುತ್ತ ಬಂದಿದ್ದ. ಬಾಗಿಲ ಬಳಿ ಆಕೆ ಸೆರಗು ಬಾಯಿಗೊತ್ತಿ ನಿಂತಿದ್ದಳು.

"ಕೂತ್ಕೋ ತಮ್ಮ," ಎಂದರಂತೆ ಭಾವ. "ನಾನೂ ಹೀಗೇ ಹಾರಾಡಿದೋನು. ನಿನ್ನಿಂದಲೇ ಬಂದಿದ್ರೆ? ಅವಳಿಗಿಂತ ಮುಂಚೆ ನಿನ್ನ ಮೈಯಲ್ಲೇ ಇತ್ತೋ ಏನೋ, ಯಾರಿಗೆ ಗೊತ್ತು? ಗಂಡಸರಿಗೆ ಈ ಪರೀಕ್ಷೆನೇ ಮಾಡಲ್ಲ, ಅದಕ್ಕೇ ನಾವು ಎದೆ ಉಬ್ಬಿಸ್ಕೊಂಡು ಓಡಾಡ್ತೀವಿ."

ಮುಂದಿನ ತಪಾಸಣೆಗೆ ಆತ ಹೆಂಡತಿಯ ಚಪ್ಪಲಿ ಕಾಯುತ್ತ ಬಾಗಿಲಲ್ಲೇ ನಿಂತಿದ್ದ ಎಂದು ಸಿಸ್ಟರಕ್ಕ ಹೇಳುವಾಗ, ಭಾವ ಕೇಳಿಸದವರಂತೆ ಬೇರೆ ಕಡೆ ನೋಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಪರೀಕ್ಷೆ ಮಾಡಿಸಿಕೊಂಡ ಹೆಂಗಸರು ಬೀದಿಯಲ್ಲಿ ಸಿಕ್ಕಾಗ ಸಿಸ್ಟರಕ್ಕನ ಗುರುತೇ ಇಲ್ಲದಂತೆ ದಾಟಿಹೋಗುತ್ತಾರೆ. ಬೇಸರವಿಲ್ಲವೇ?

"ಮನೆಯವರು ಜೊತೇಲಿರ್ತಾರೆ, ಪಾಪ. ನಾನೂ ಮಾತಾಡಿಸಲ್ಲ. ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದ್ದಾಳಲ್ಲ ಅಂತ ಒಳಗೊಳಗೇ ಖುಷಿಪಡ್ತೀನಿ. ಮೊನ್ನೆ ಸಂತೇಲಿ ಒಬ್ಬಳು ಮಾತ್ರ ಕೈ ಹಿಡಿದು ನಿಲ್ಲಿಸಿ, 'ಇವ್ರೇ ನಂಗೆ ಪರೀಕ್ಷೆ ಮಾಡಿದ್ದು, ನೀವೂ ಮಾಡಿಸ್ಕೊಳ್ಳಿ' ಅಂತ ಅತ್ತೆಗೆ ಹೇಳೇಬಿಟ್ಲು."

ಅತ್ತೆ ಏನೆಂದರು?

"'ಈ ವಯಸ್ಸಲ್ಲಿ ನಂಗ್ಯಾಕೆ ಇದೆಲ್ಲ' ಅಂತ ಇಬ್ರಿಗೂ ಬೈದ್ರು," ಎನ್ನುತ್ತ ಕೈಗವಸು ತೊಡುತ್ತಾರೆ ಸಿಸ್ಟರಕ್ಕ. "ಸೋಮವಾರ ಬೈಕೊಂಡೇ ಬಂದ್ರು."