ಭಾವನ ಕನ್ಸೋಲ್ ಮತ್ತು ಲಾರಿಯ ಟೈರು

ಸ್ನೇಹಿತರೇ, ನಿಮಗೆ ಇಷ್ಟವಾದ ವಿಡಿಯೋ ಗೇಮನ್ನು ದಯವಿಟ್ಟು ಭಾವಂದಿರಿಗೆ ತೋರಿಸಬೇಡಿ.

ನಮ್ಮೂರ ಗಾಂಧಿನಗರದಲ್ಲಿರುವ ನನ್ನ ಅಕ್ಕನ ಗಂಡ ಗಣಿಗೆ ನಾಲ್ಕು ಲಾರಿ ಬಿಟ್ಟಿದ್ದಾರೆ. ಮೊನ್ನೆ ಟಿವಿಗೆ ಹಚ್ಚಿ ಗೇಮ್ ಆಡುವ ಕನ್ಸೋಲ್ ಕೊಂಡರು. ಗಣಿಯೂರಿನ ತಾಯಿ-ಮಗನ ಕಥೆ ಇರುವ, ಪ್ರತಿ ಸಲವೂ ನನ್ನನ್ನು ಅಳಿಸುವ ಗೇಮಿನ ಡಿಸ್ಕನ್ನು ಇವತ್ತು ನಾನೇ ಒಯ್ದು ಹಾಕಿದೆ.

ಪರದೆಯ ಮೇಲೆ ಯಾರು ಬಾಯಿ ತೆರೆದರೂ ಭಾವ ಬಟನ್ ಒತ್ತಿ ಆ ಮಾತನ್ನು ಹಾರಿಸುತ್ತಿದ್ದರು. ತಾಯಿ ಸಾಯುವ ದೃಶ್ಯವನ್ನೂ ಹಾರಿಸಿದರು.

"ಭಾವ, ಒಂದೀಟು ಕೇಳ್ರಿ. ಕಥಿ ಇರೋದ ಆ ಮಾತಿನಾಗ."

"ದಾರ್ಯಾಗ ಸಿಕ್ಕೋರ ಜೋಡಿ ಮಾತಾಡ್ಕೋತ ನಿಂತ್ರ ಟ್ರಿಪ್ ಹೋಗ್ತೈತಲೇ!"

ಒಂದು ತಾಸಿನ ಮೇಲೆ ತೀರ್ಪು ಬಂತು: "ಇದ್ರಾಗ ಕಥಿನ ಇಲ್ಲ ಬಿಡು."

ನನಗೆ ಮೈಯೆಲ್ಲ ಉರಿಯಿತು. "ಕಥಿ ಹೋಗ್ಲಿ, ಕ್ವಾಲಿಟಿನರ ನೋಡ್ರಿ! ಗೋಡಿ ಮ್ಯಾಲಿನ ಬಿರುಕು ಸೈತ ಕಾಣ್ತೈತಿ."

"ಎಂಥಾ ಕ್ವಾಲಿಟಿ? ಗಣಿಯಿಂದ ಬಂದ ಆ ಲಾರಿ ಟೈರಿಗೆ ಒಂದು ಚಿಟಿಕಿ ಕೆಂಪು ಧೂಳಿಲ್ಲ. ಇದನ್ನ ಮಾಡಿದೋರು ಗಣಿನ ಕಂಡಿಲ್ಲ."

ಡಿಸ್ಕ್ ಕಿತ್ತುಕೊಂಡು ಮನೆಗೆ ಬಂದೆ. ಸಿಟ್ಟಿನಲ್ಲೇ ತಾಯಿ ಸಾಯುವ ದೃಶ್ಯ ಹಾಕಿದೆ. ಅವಳು ಮಗನ ಕೈ ಹಿಡಿದು ಕೊನೆಯ ಮಾತು ಹೇಳುತ್ತಿದ್ದಳು. ನಾನು ಅವರ ಹಿಂದಿದ್ದ ಲಾರಿಯ ಟೈರು ನೋಡುತ್ತಿದ್ದೆ.

ಹಾಳಾದ್ದು, ಈಗಷ್ಟೇ ತೊಳೆದಂತಿದೆ.