ಗೇಟಕ್ಕ ಎಣಿಸಿದ ಕಂಬಗಳು

ನನ್ನ ನಾದಿನಿ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಕಾರ್ಖಾನೆಯ ಗೇಟಿನೆದುರು ಹೊಲಿಗೆ ಯಂತ್ರ ಇಟ್ಟುಕೊಂಡು ಕೆಲಸಗಾರರ ಯೂನಿಫಾರ್ಮಿಗೆ ತೇಪೆ, ಗುಂಡಿ, ಜಿಪ್ಪು ಹಾಕಿಕೊಡುವುದು ಅವಳ ಕಸುಬು. ಊರೆಲ್ಲ ಅವಳನ್ನು ಗೇಟಕ್ಕ ಎನ್ನುತ್ತಿತ್ತು. ಹೊಸ ಕಾರ್ಖಾನೆ ಬರುತ್ತದೆಂದರೆ ಜನಕ್ಕಿಂತ ಮೊದಲು ಇವಳು ಹಾಜರ್. ಟೈರ್ ಫ್ಯಾಕ್ಟರಿ ಆಯಿತು, ಗಾಜಿನ ಕಾರ್ಖಾನೆ ಆಯಿತು, ಆಮೇಲೆ ಬಟ್ಟೆ ಮಿಲ್ಲು. ಅವಳು ಕೂತ ಕಡೆ ವರ್ಷದೊಳಗೆ ಬಾಡಿಗೆ ಕೋಣೆ, ಔಷಧಿ ಅಂಗಡಿ, ಶಾಲೆ ಎಲ್ಲ ಎದ್ದು ನಿಲ್ಲುತ್ತಿದ್ದವು.

"ಅದು ಹೇಗೆ ಗೊತ್ತಾಗುತ್ತೆ ನಿಂಗೆ?" ಎಂದು ಒಮ್ಮೆ ಕೇಳಿದ್ದೆ.

"ದೀಪದ ಕಂಬ ನೋಡ್ಬೇಕು ಅತ್ತಿಗೆ. ಒತ್ತೊತ್ತಾಗಿ ನೆಟ್ಟಿದ್ರೆ ಅಲ್ಲಿ ಜನ ನಡೀತಾರೆ. ದೂರದೂರ ನೆಟ್ಟಿದ್ರೆ ಬರೀ ಲಾರಿ."

ಮಿಲ್ಲಿನೆದುರು ಬಾಡಿಗೆ ಅಂಗಡಿಯಲ್ಲಿ ಹನ್ನೊಂದು ವರ್ಷ ಕೂತಳು. ಮಿಲ್ಲು ಮುಚ್ಚಿತು, ಗಿರಾಕಿಗಳು ಕರಗಿದರು. ಅಷ್ಟರಲ್ಲಿ ಸರ್ಕಾರ ಊರಾಚೆ ದೊಡ್ಡ ರಸ್ತೆ ಹಾಕಿಸಿತು, ಅದರ ತುದಿಗೆ ಬ್ಯಾಟರಿ ಕಾರ್ಖಾನೆ ಏಳತೊಡಗಿತು. ಇವಳಿಗೆ ಕೂತಲ್ಲಿ ಕೂರಲಾಗದು. ದಿನಾ ಸಂಜೆ ಅಲ್ಲಿಗೆ ಹೋಗಿ ಕಂಬದಿಂದ ಕಂಬಕ್ಕೆ ಹೆಜ್ಜೆ ಎಣಿಸಿ ಬರುವಳು.

"ಇಪ್ಪತ್ತೇ ಹೆಜ್ಜೆ ಅತ್ತಿಗೆ! ಇದೇ ಕೊನೆ, ಇನ್ನು ಏಳೋದಿಲ್ಲ."

"ಹೋದ ಸಲಾನೂ ಇದೇ ರಾಗ ಹಾಡಿದ್ದೆ," ಎಂದು ರೇಗಿದೆ. "ಐವತ್ತೆಂಟಾಯ್ತು, ಮಂಡಿ ಹಿಡ್ಕೊಂಡಿದೆ. ಇದೂ ಕೈಕೊಟ್ರೆ ಇನ್ನೊಂದು ಸಲ ಏಳೋ ಶಕ್ತಿ ಇದ್ಯಾ ನಿಂಗೆ?"

ಕೇಳಿದರೆ ತಾನೆ! ಹಳೇ ಅಂಗಡಿ ಬಿಟ್ಟುಕೊಟ್ಟು ಹೊಸ ಗೇಟಿನೆದುರು ಕೋಣೆ ಹಿಡಿದಳು.

ಕಾರ್ಖಾನೆ ಶುರುವಾದ ದಿನ ನಾನೂ ಜೊತೆಗಿದ್ದೆ. ಸೈರನ್ ಕೂಗಿತು, ಗೇಟು ತೆರೆಯಿತು. ಒಂದರ ಹಿಂದೊಂದು ಕಪ್ಪು ಗಾಜಿನ ಬಸ್ಸುಗಳು ಬಂದು ಸೀದಾ ಒಳಗೆ ಹೋದವು. ಒಬ್ಬನಾದರೂ ಹೊರಗೆ ಇಳಿಯಲಿಲ್ಲ. ಸಂಜೆಯೂ ಅದೇ ಕಥೆ. ಮೂರು ವಾರದಲ್ಲಿ ಬಂದದ್ದು ಗೇಟಿನ ಕಾವಲುಗಾರನ ಒಂದು ಗುಂಡಿ. ಅವಳು ಏಳುವಳು, ಕೂರುವಳು, ಒರೆಸಿದ ಯಂತ್ರವನ್ನೇ ಒರೆಸುವಳು, ರಸ್ತೆಗೆ ಹೋಗಿ ಇಣುಕಿ ಬರುವಳು. ನೋಡಿ ನೋಡಿ ನನಗೆ ಶೋಕಿಗೆ ನಿಂತ ಆ ಕಂಬಗಳನ್ನು ಕಿತ್ತೆಸೆಯಬೇಕು ಅನ್ನಿಸುತ್ತಿತ್ತು.

ತಡೆಯಲಾರದೆ ಕಾವಲುಗಾರನನ್ನು ಕೇಳಿದೆ. "ಈ ಬಸ್ಸೆಲ್ಲ ಎಲ್ಲಿಂದ ಬರ್ತವಪ್ಪಾ?"

"ಹಳೇ ಬಟ್ಟೆ ಮಿಲ್ಲಿನ ಹತ್ರದಿಂದಮ್ಮ. ಕಂಪನಿಯೋರು ಅದನ್ನೇ ಸ್ಟ್ಯಾಂಡ್ ಮಾಡ್ಕೊಂಡಿದಾರೆ. ಸಾವಿರಾರು ಜನ ಹತ್ತೋದೂ ಅಲ್ಲೇ, ಇಳಿಯೋದೂ ಅಲ್ಲೇ."

ನಾದಿನಿ ಯಂತ್ರದ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ನಕ್ಕಳು, ಕಣ್ಣು ಮಾತ್ರ ತುಂಬಿತ್ತು. "ಜಾಗ ಸರಿಯಾಗೇ ಹಿಡಿದಿದ್ದೆ ಅತ್ತಿಗೆ. ಎದ್ದಿದ್ದೇ ತಪ್ಪು."

ಮರುದಿನ ಯಂತ್ರವನ್ನು ಆಟೋಗೆ ಹಾಕಿಕೊಂಡು ಮಿಲ್ಲಿಗೆ ಹೋದೆವು. ಬಸ್ಸಿಗೆ ಕಾಯುವವರಿಂದ ಬೀದಿ ಗಿಜಿಗಿಜಿ ಎನ್ನುತ್ತಿತ್ತು. ಅವಳ ಹಳೇ ಅಂಗಡಿಯಲ್ಲಿ ಆಗಲೇ ಮೊಬೈಲ್ ಮಾರುವವನು ಕೂತಿದ್ದ.

"ಮೆಟ್ಟಿಲ ಪಕ್ಕ ಸ್ವಲ್ಪ ಜಾಗ ಕೊಡ್ತೀರಾ ಸಾರ್?" ಎಂದು ಕೇಳಿದಳು.

"ದಾರಿ ಬಿಟ್ಟು ಕೂತ್ಕೊಳ್ಳಮ್ಮ," ಎಂದ.

ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅವಳೇ ಗುಡಿಸಿದ ಮೆಟ್ಟಿಲು ಅದು.